ಕೋಗಿಲಿನ ಒಂದು ರಸ್ತೆಯನ್ನು ಓದಿದ್ದು

ನನ್ನ ಧ್ವನಿ ದೊಡ್ಡದು. ಟೆಲಿಫೋನ್ ಇಲಾಖೆಯಲ್ಲಿ ಟ್ರಂಕ್ ಕಾಲ್ ಜೋಡಿಸುವ ಕೆಲಸಕ್ಕೆ ಸೇರಿದಾಗ ಅದೇ ನನ್ನ ಬಂಡವಾಳ. ಆಮೇಲೆ ಯಂತ್ರಗಳು ಬಂದವು, ಆ ಕೆಲಸವೇ ಇಲ್ಲವಾಯಿತು, ಧ್ವನಿ ಮಾತ್ರ ಉಳಿಯಿತು. ನಿವೃತ್ತಿಯಾಗಿ ಮನೆಯಲ್ಲಿ ಕೂತ ಮೇಲೆ ಅದನ್ನು ಕೇಳಿಸಿಕೊಳ್ಳುವ ಪಾಡು ನನ್ನ ಯಜಮಾನರೊಬ್ಬರದೇ ಆಯಿತು. ಬೆಳಿಗ್ಗೆ ಪೇಪರನ್ನು ಗಟ್ಟಿಯಾಗಿ ಓದುವುದು, ಓದುತ್ತಾ ಓದುತ್ತಾ ಸುದ್ದಿಯಲ್ಲಿರುವವರನ್ನೆಲ್ಲ ಬೈಯುವುದು ನನ್ನ ಅಭ್ಯಾಸ. ಒಂದು ದಿನ ಅವರು ಲೋಟ ಕೆಳಗಿಟ್ಟು, "ಕಣ್ಣು ಕಾಣದವರಿಗೆ ಪೇಪರ್ ಓದಿ ಹೇಳೋ ರೇಡಿಯೋ ಒಂದು ಇಲ್ಲೇ ಯಲಹಂಕದಲ್ಲಿ ಇದೆಯಂತೆ. ಓದೋಕೆ ಜನ ಬೇಕಂತೆ. ನಂಗೆ ಇನ್ನೂ ಚೆನ್ನಾಗೇ ಕಾಣ್ಸುತ್ತೆ ಕಣೇ," ಎಂದರು. ನನಗೆ ಸಿಟ್ಟು ಬಂತು. ಆದರೂ ಮರುದಿನವೇ ಹೋದೆ.

ರೇಡಿಯೋ ಎಂದರೆ ಎತ್ತರದ ಕಂಬ, ಗಾಜಿನ ಕೋಣೆ, ಕೆಂಪು ದೀಪ ಎಂದೆಲ್ಲ ಅಂದುಕೊಂಡಿದ್ದೆ. ನೋಡಿದರೆ ಅದು ಹಳೇ ಯಲಹಂಕದ ಬೇಕರಿಯೊಂದರ ಮೇಲಿನ ಎರಡು ಕೋಣೆ. ಒಂದರ ಗೋಡೆಗಳಿಗೆ ಸದ್ದು ಮಾರ್ದನಿಸದಿರಲೆಂದು ಹಳೆಯ ರಜಾಯಿಗಳನ್ನು ಹೊಡೆದಿದ್ದರು. ಪ್ರಸಾರವೆಲ್ಲ ಮೊಬೈಲಿಗೆ. ಅದನ್ನು ನಡೆಸುತ್ತಿದ್ದವರು ನಲವತ್ತು ದಾಟಿದ ಸೌಂಡ್ ಎಂಜಿನಿಯರ್ ಒಬ್ಬರು, ಹುಟ್ಟಿನಿಂದಲೇ ಕಣ್ಣು ಕಾಣದವರು. ನಾನು ಮೆಟ್ಟಿಲು ಹತ್ತಿ ಬಾಗಿಲಲ್ಲಿ ನಿಂತು ಇನ್ನೂ ಬಾಯಿ ತೆರೆದಿರಲಿಲ್ಲ, "ಬನ್ನಿ ಮೇಡಂ, ಎಡಗಾಲಿನ ಚಪ್ಪಲಿ ಉಂಗುಷ್ಠ ಕಿತ್ತು ಬರೋ ಹಾಗಿದೆ, ಹುಷಾರು," ಎಂದರು. ಬಗ್ಗಿ ನೋಡಿದರೆ ನಿಜ. ಅಂದಿನಿಂದ ಆ ಮನುಷ್ಯನನ್ನು ಕಂಡರೆ ನನಗೊಂದು ಬೆರಗು, ಸ್ವಲ್ಪ ಹೆದರಿಕೆ ಕೂಡ.

ಅವರ ಮೊಬೈಲು ಬರೆದದ್ದನ್ನೆಲ್ಲ ಮಾತಾಗಿಸಿ ಹೇಳುತ್ತಿತ್ತು. ಆ ವೇಗ ಕೇಳಿದರೆ ಒಗ್ಗರಣೆಗೆ ಸಾಸಿವೆ ಸಿಡಿದ ಹಾಗೆ. ನನಗೆ ಒಂದು ಪದವೂ ತಿಳಿಯುತ್ತಿರಲಿಲ್ಲ, ಅವರು ಅದನ್ನೇ ಕೇಳುತ್ತಾ ನನ್ನ ಜೊತೆ ಮಾತಾಡುತ್ತಾ ಚಹಾನೂ ಕುಡಿಯುತ್ತಿದ್ದರು. ನಾನು ಓದುವಾಗ ಕೈಯೆತ್ತಿ ನಿಲ್ಲಿಸುವರು. "ವಿಮಾನ ಬರ್ತಿದೆ." ನನಗೇನೂ ಕೇಳಿಸದು. ಸ್ವಲ್ಪ ಹೊತ್ತಿಗೆ ಜಕ್ಕೂರಿನ ಕಡೆಯಿಂದ ತರಬೇತಿಯ ಪುಟ್ಟ ವಿಮಾನ ಗೊರಗೊರ ಅನ್ನುತ್ತಾ ನಮ್ಮ ತಲೆಯ ಮೇಲೆ ಹಾದುಹೋಗುವುದು. ಅದು ಪೂರ್ತಿ ಹೋದ ಮೇಲೂ ಅವರು ಕೈ ಇಳಿಸುತ್ತಿರಲಿಲ್ಲ. ನನಗೆ ಮುಗಿದುಹೋದ ಸದ್ದು ಅವರಿಗೆ ಇನ್ನೂ ಹೋಗುತ್ತಿರುತ್ತಿತ್ತು.

ಅವರದು ಒಂದೇ ಕಟ್ಟಪ್ಪಣೆ. "ಬಿಡಬೇಡಿ, ಸೇರಿಸಬೇಡಿ." ಪೇಪರಿನಲ್ಲಿ ಇದ್ದದ್ದೆಲ್ಲ ಓದಬೇಕು. ಚಿತ್ರವಿದ್ದರೆ ಚಿತ್ರದಲ್ಲಿ ಏನಿದೆ ಎಂದು ಹೇಳಬೇಕು, ಅದನ್ನು ನೋಡಿ ನಮಗೆ ಏನನ್ನಿಸಿತು ಎಂದಲ್ಲ. ಸುದ್ದಿಯ ನಡುವೆ ನಾನು ಲೊಚಗುಟ್ಟಿದರೆ ಅದನ್ನು ಕತ್ತರಿಸಿ ಬಿಸಾಡುತ್ತಿದ್ದರು. ಒಮ್ಮೆ ಸೀರೆ ಅಂಗಡಿಯ ಜಾಹೀರಾತನ್ನು ಯಾರು ಕೇಳುತ್ತಾರೆ ಎಂದು ಹಾರಿಸಿದ್ದೆ. ಸಂಜೆಯ ಹೊತ್ತಿಗೆ ಕೇಳುಗರೊಬ್ಬರ ವಾಯ್ಸ್ ಮೆಸೇಜು: "ಪಕ್ಕದ್ಮನೆಯವ್ರಿಗೆ ಗೊತ್ತಿರೋ ರಿಯಾಯಿತಿ ನಮಗ್ಯಾಕೆ ಹೇಳ್ಲಿಲ್ಲ? ನಾವೇನು ಸೀರೆ ಉಡಲ್ವಾ?" ನಾನು ನಾಲಿಗೆ ಕಚ್ಚಿಕೊಂಡೆ. ಮರುದಿನ ಸೀರೆಯ ಅಂಚಿನ ಬಣ್ಣ ಸಮೇತ ಓದಿದೆ.

ಪೇಪರು ಮುಗಿದ ಮೇಲೆ ಕೇಳುಗರು ತಮಗೆ ಬೇಕಾದ್ದನ್ನು ಕಳಿಸಿ ಓದಿಸಿಕೊಳ್ಳಬಹುದಿತ್ತು. ಮದುವೆ ಕರೆಯೋಲೆ, ಮಾತ್ರೆಯ ಪೊಟ್ಟಣದೊಳಗಿನ ಸೂಚನೆ, ಹೊಸ ಮಿಕ್ಸಿಯನ್ನು ಬಳಸುವ ವಿಧಾನ, ಎಲ್ಲವನ್ನೂ ಓದಿದ್ದೇನೆ. ಒಂದು ಏಪ್ರಿಲ್ ಬೆಳಿಗ್ಗೆ ಎಂಜಿನಿಯರು ಒಂದು ಮೆಸೇಜು ಹಾಕಿ ಕೇಳಿಸಿದರು. ಹೆಂಗಸಿನ ಧ್ವನಿ. ತರಗತಿಯ ಕೊನೇ ಬೆಂಚಿಗೂ ತಲುಪಲಿ ಎಂದು ಮಾತಾಡಿ ರೂಢಿಯಿದ್ದವರ ಧ್ವನಿ.

"ನಮಸ್ಕಾರ ಮೇಡಂ, ಯಲಹಂಕದ ಪಕ್ಕ ಕೋಗಿಲಿಂದ ಮಾತಾಡ್ತಿರೋದು. ನಾನು ಇಲ್ಲೇ ಸ್ಕೂಲಲ್ಲಿ ಮಿಸ್ ಆಗಿದ್ದೆ. ಕಣ್ಣು ಸ್ವಲ್ಪ ಸ್ವಲ್ಪವಾಗಿ ಹೋಯ್ತು, ಕೆಲಸ ಬಿಟ್ಟೆ. ಈಗ ಹೆಡ್‌ಮಿಸ್ ಮತ್ತೆ ಕರೀತಿದಾರೆ, ಚಿಕ್ಕ ಮಕ್ಕಳಿಗೆ ಕಥೆ, ಪದ್ಯ, ಬಾಯಿಲೆಕ್ಕ ಹೇಳ್ಕೊಡೋಕೆ. ಆದ್ರೆ ನಾನೊಬ್ಳೇ ಹೋಗಿ ಬರೋ ಹಾಗಿರ್ಬೇಕು. ಕರ್ಕೊಂಡು ಹೋಗೋಕೆ ಸ್ಕೂಲ್ ಕಡೆಯಿಂದ ಯಾರೂ ಇಲ್ಲ. ಕೋಲು ಹಿಡಿದು ನಡೆಯೋದು ಕಲ್ತಿದೀನಿ, ರಸ್ತೆ ಮಾತ್ರ ಗೊತ್ತಿಲ್ಲ. ನಾನು ಕಣ್ಣಾರೆ ನೋಡಿದಾಗ ಅಲ್ಲಿ ರಾಗಿ ಹೊಲ ಇತ್ತು. ನೀವು ಪೇಪರ್ನ ಒಂದಕ್ಷರ ಬಿಡದೆ ಓದ್ತೀರಲ್ಲ, ಹಾಗೇ ನಮ್ಮನೆಯಿಂದ ಸ್ಕೂಲ್ ತನಕ ರಸ್ತೆನ ಓದಿ ಹೇಳ್ತೀರಾ?"

ರಸ್ತೆಯನ್ನು ಓದುವುದು! ಎಂಜಿನಿಯರು ಆ ಮೆಸೇಜನ್ನು ಇನ್ನೊಮ್ಮೆ ಹಾಕಿ ಕೇಳಿದರು. ಆಮೇಲೆ ಅವರು, "ಇದನ್ನ ಪ್ರಸಾರ ಮಾಡೋದು ಬೇಡ, ಅವ್ರ ಮನೆ ದಾರಿ ಊರಿಗೆಲ್ಲ ಯಾಕೆ ಗೊತ್ತಾಗ್ಬೇಕು? ರೆಕಾರ್ಡ್ ಮಾಡಿ ಅವ್ರಿಗೆ ಮಾತ್ರ ಕಳ್ಸೋಣ," ಎಂದರು.

ನಾನು ಮಾರನೆಯ ದಿನವೇ ಕೋಗಿಲಿಗೆ ಹೋಗಿ ಆ ಮನೆಯ ಗೇಟಿನಿಂದ ಶುರುಮಾಡಿ ಶಾಲೆಯವರೆಗೆ ನಡೆದೆ, ಮೊಬೈಲನ್ನು ಬಾಯಿಯ ಹತ್ತಿರ ಹಿಡಿದು. ಕಾಲುಗಂಟೆಯ ದಾರಿ, ದೊಡ್ಡ ರಸ್ತೆ ದಾಟುವ ಗೋಜಿಲ್ಲ. ಏನನ್ನೂ ಬಿಡಲಿಲ್ಲ. ನೀಲಿ ಗೇಟಿನ ಮನೆ, ಹಳದಿ ನೀರಿನ ಟ್ಯಾಂಕು, ಮನೆ ಬಾಡಿಗೆಗಿದೆ ಎಂಬ ಬೋರ್ಡು, ಅದರ ಪಕ್ಕ ಗುಲಾಬಿ ಬಣ್ಣದ ಮೂರಂತಸ್ತಿನ ಮನೆ, ಅದರ ತುದಿಗೆ ನೇತುಹಾಕಿದ ದೃಷ್ಟಿಬೊಂಬೆ. ಗೋಡೆಯ ಮೇಲಿನ ಚುನಾವಣೆ ಪೋಸ್ಟರನ್ನೂ ಬಿಡದೆ ಓದಿ, ಬಹಳ ಚೆನ್ನಾಗಿ ಬಂದಿದೆ ಎಂಬ ಜಂಬದಲ್ಲಿ ತಂದು ಎಂಜಿನಿಯರ ಕೈಗೆ ಕೊಟ್ಟೆ.

ಅವರು ಕೇಳುತ್ತಾ ಕೇಳುತ್ತಾ ನಗಲು ಶುರುಮಾಡಿದರು. "ಮೇಡಂ, ತಪ್ಪು ತಿಳ್ಕೋಬೇಡಿ. ನೀಲಿ ಗೇಟು ಬಂದಾಗ ಅವ್ರಿಗೆ ಹೇಗೆ ಗೊತ್ತಾಗುತ್ತೆ?"

ಮುಖದ ಮೇಲೆ ನೀರು ಎರಚಿದ ಹಾಗಾಯಿತು. ಅಷ್ಟು ತಿಂಗಳು ಅವರ ಜೊತೆ ಕೂತು ಓದಿದವಳು, ಅಷ್ಟೂ ಕಣ್ಣಿಗೆ ಕಂಡದ್ದನ್ನೇ ತುಂಬಿಕೊಂಡು ಬಂದಿದ್ದೆ. ಅವಮಾನಕ್ಕೆ ನನಗೆ ಗೊತ್ತಿದ್ದ ಒಂದೇ ಮದ್ದು ಸಿಟ್ಟು. "ಹಾಗಾದ್ರೆ ನೀವೇ ಓದ್ಕೊಳ್ಳಿ," ಎಂದು ಚೀಲ ಎತ್ತಿಕೊಂಡು ಇಳಿದುಬಂದೆ. ಬೇಕರಿಯ ಮುಂದೆ ನಿಂತು ಒಂದು ಬೆಣ್ಣೆ ಬಿಸ್ಕತ್ತು ತಿಂದ ಮೇಲೆ ಸಿಟ್ಟು ಇಳಿಯಿತು. ಮತ್ತೆ ಕೋಗಿಲಿನ ಬಸ್ ಹತ್ತಿದೆ.

ಈ ಸಲ ಕಣ್ಣು ಮುಚ್ಚಿಕೊಂಡು ನಡೆದು ನೋಡಿದೆ. ಹತ್ತು ಹೆಜ್ಜೆ ಹೋಗಿರಲಿಲ್ಲ, ಮಲಗಿದ್ದ ಹಸುವಿಗೆ ಕಾಲು ತಾಗಿತು. ಹಸುವಿಗೂ ಬೇಜಾರು, ನನಗೂ ಗಾಬರಿ. ಕಣ್ಣು ಮುಚ್ಚಿದರೆ ಕತ್ತಲೆ ಸಿಗುತ್ತದೆಯೇ ಹೊರತು ಅವರಿಗಿರುವ ಕಿವಿ ಸಿಗುವುದಿಲ್ಲ ಎಂದು ಆಗ ಗೊತ್ತಾಯಿತು. ನೇರವಾಗಿ ಹೋಗಿ ಅವರ ಮನೆಯ ಬಾಗಿಲನ್ನೇ ತಟ್ಟಿದೆ.

ಬಾಗಿಲು ತೆರೆದವರು ಮಿಸ್‌ ಅವರ ಅಣ್ಣ. ಹಳೇ ಊರಿನ ಒಕ್ಕಲು ಮನೆತನ. ಹೊಲ ಇದ್ದ ಕಡೆ ಈಗ ತಾವೇ ಮನೆ ಕಟ್ಟಿಸಿ ಮಾರುವವರು. ದೊಡ್ಡ ಆಳು, ಬಿಳಿ ಅಂಗಿ, ಜೇಬಿನಲ್ಲಿ ಎರಡು ಮೊಬೈಲು. ತಂಗಿಯ ಕಣ್ಣು ಹೋದಾಗಿನಿಂದ ಆಸ್ಪತ್ರೆಗಾಗಲಿ ಮದುವೆಗಾಗಲಿ ತಾವೇ ಕಾರಿನಲ್ಲಿ ಕರೆದುಕೊಂಡು ಹೋಗಿ, ಕೈಹಿಡಿದು ಇಳಿಸಿ, ಕೈಹಿಡಿದು ಹತ್ತಿಸಿದವರು. ನಾನು ಬಂದ ವಿಷಯ ಹೇಳಿದ್ದೇ ತಡ, ಅವರ ಮುಖ ಸಪ್ಪಗಾಯಿತು.

"ನೀವು ದೊಡ್ಡೋರು, ನೀವಾನ ಬುದ್ದಿ ಏಳಿ ಮೇಡಂ. ಕಾರೈತೆ, ಡ್ರೈವರ್ ಅವ್ನೆ. ಒಬ್ಳೇ ಇಂಗೆ ಕೋಲ್ ಇಡ್ಕೊಂಡು ಒಂಟೋದ್ರೆ, ಏನಾನ ಆದ್ರೆ ನಾನ್ ಯಾರ್ಗ್ ಏಳ್ಲಿ?"

ಒಳಗಿನಿಂದ ಮಿಸ್ ಬಂದರು. ನನಗಿಂತ ಬಹಳ ಚಿಕ್ಕವರು, ಕಾಟನ್ ಸೀರೆಯನ್ನು ನೀಟಾಗಿ ಪಿನ್ ಮಾಡಿ ಉಟ್ಟಿದ್ದರು, ಆ ಕ್ಷಣವೇ ಬೆಲ್ ಹೊಡೆದರೂ ತರಗತಿಗೆ ಹೋಗಲು ತಯಾರು ಎಂಬಂತೆ. "ಅಣ್ಣಾ, ಕಾರಲ್ಲಿ ಹೋದ್ರೆ ಕಾರು ಬರೋ ದಿನ ಮಾತ್ರ ನಾನು ಮಿಸ್ಸು," ಎಂದರು. ಕೊನೆಗೆ ಅವರಿಬ್ಬರ ನಡುವೆ ಒಂದು ಒಪ್ಪಂದವಾಯಿತು. ಶಾಲೆ ಶುರುವಾಗುವ ಮುಂಚೆ ಒಂದು ದಿನ ಮಿಸ್ ಒಬ್ಬರೇ ಶಾಲೆಯವರೆಗೆ ನಡೆಯಬೇಕು. ಅಣ್ಣ ಹಿಂದೆ ದೂರದಲ್ಲಿ ಬರಬಹುದು, ಬಾಯಿ ಬಿಡುವ ಹಾಗಿಲ್ಲ. ಯಾರ ಕೈಯನ್ನೂ ಹಿಡಿಯದೆ ತಲುಪಿದರೆ ಅಣ್ಣ ಇನ್ನು ಅಡ್ಡ ಬರುವುದಿಲ್ಲ. ಆಗದಿದ್ದರೆ ಶಾಲೆಯ ಮಾತನ್ನೇ ಎತ್ತುವ ಹಾಗಿಲ್ಲ.

ಅಂದಿನಿಂದ ಮಿಸ್ ನನ್ನ ಮೊಣಕೈ ಹಿಡಿದು ಆ ರಸ್ತೆಯಲ್ಲಿ ನಡೆಯತೊಡಗಿದರು. ತಮಗೆ ಕೇಳಿದ್ದನ್ನು ಅವರು ಹೇಳುವರು, ಅದು ಏನು ಎಂದು ನಾನು ಹೇಳುವೆ. ನಾನು ಆ ರಸ್ತೆಯಲ್ಲಿ ಅಷ್ಟೆಲ್ಲ ಇದೆ ಎಂದು ಎಣಿಸಿಯೇ ಇರಲಿಲ್ಲ! "ಇಲ್ಲಿ ಗೋಡೆ ಮುಗೀತು," ಎನ್ನುವರು. ನೋಡಿದರೆ ಹೌದು, ಖಾಲಿ ಸೈಟು. ಗೋಡೆ ಮುಗಿದ ಕಡೆ ತಮ್ಮದೇ ಹೆಜ್ಜೆಯ ಸದ್ದು ತೆಳುವಾಗುತ್ತದಂತೆ. "ಇಲ್ಲೊಂದು ದೊಡ್ಡ ಗಾಡಿ ನಿಂತಿದೆ ಅಲ್ವಾ?" ನೀರಿನ ಟ್ಯಾಂಕರು, ಎಂಜಿನ್ ಆರಿಸಿ ಸುಮ್ಮನೆ ನಿಂತದ್ದು. ಆ ಕಡೆಯಿಂದ ಬರುತ್ತಿದ್ದ ಸದ್ದಿಗೆ ಏನೋ ಅಡ್ಡ ಬಂದಿದೆ ಎಂದು ಅವರಿಗೆ ತಿಳಿದುಬಿಟ್ಟಿತ್ತು. ಹೊಂಗೆ ಮರದ ಕೆಳಗೆ ಬಂದಾಗ ಕೆನ್ನೆ ತಣ್ಣಗಾಯಿತು ಎಂದರು. ಆಗ ನನ್ನ ಕೆನ್ನೆಗೂ ಗೊತ್ತಾಯಿತು, ಇಷ್ಟು ವರ್ಷ ಅದು ಸುಮ್ಮನಿತ್ತು. ನಾನು ಪ್ರತಿಸಲವೂ "ಅಯ್ಯೋ ದೇವ್ರೇ" ಎನ್ನುತ್ತಿದ್ದೆ. "ಮೇಡಂ, ನೀವು ಹೀಗೆ ಪ್ರತಿ ಕಂಬಕ್ಕೂ ದೇವ್ರನ್ನ ಕರೆದ್ರೆ ಸ್ಕೂಲ್ ಯಾವಾಗ ಸೇರೋದು?" ಎಂದು ನಗುವರು.

ಯಾವುದನ್ನು ನಂಬಬೇಕು, ಯಾವುದನ್ನು ನಂಬಬಾರದು ಎಂದು ಅವರೇ ವಿಂಗಡಿಸಿದರು. ದೋಸೆ ಗಾಡಿಯ ವಾಸನೆಯನ್ನು ನಂಬುವ ಹಾಗಿಲ್ಲ, ಅವನು ಮನಸ್ಸು ಬಂದ ದಿನ ಬರುವವನು. ಹಿಟ್ಟಿನ ಮಿಲ್ಲಿಗೆ ಮಂಗಳವಾರ ರಜ. ಟ್ರಾನ್ಸ್‌ಫಾರ್ಮರಿನ ಗುಂಯ್ ಎನ್ನುವ ಸದ್ದು ಕರೆಂಟ್ ಇರುವವರೆಗೆ. "ಇಳಿಜಾರು ಮಾತ್ರ ರಜ ಹಾಕಲ್ಲ ಮೇಡಂ, ಅದನ್ನ ಮೊದಲು ಬರ್ಕೊಳ್ಳಿ," ಎಂದರು.

ಒಂದು ಕಡೆ ಬಂದಾಗ ಅವರ ಕೈ ನನ್ನ ಮೊಣಕೈಯನ್ನು ಹಿಂದಕ್ಕೆ ಎಳೆಯಿತು. "ಇಲ್ಲಿ ಬಾವಿ ಇದೆ." ಅಲ್ಲಿ ಬಾವಿ ಇರಲಿಲ್ಲ. ಅಪಾರ್ಟ್‌ಮೆಂಟ್ ಒಂದರ ನೆಲಮಾಳಿಗೆಯಿಂದ ಕಾರುಗಳು ಮೇಲೆ ಬರುವ ದಾರಿ ಇತ್ತು. ಹಾಗೆಂದು ಹೇಳಿದೆ. ಅವರು ನಿಂತೇ ಇದ್ದರು. "ಮೆಟ್ಟಿಲು ಬಾವಿ. ಪಕ್ಕದಲ್ಲಿ ಸೀಬೆ ಮರ ಇತ್ತು. ನಾನು ಸ್ಕೂಲಿಂದ ಬರ್ತಾ ಕಿತ್ಕೊಂಡು ತಿನ್ನೋಳು." ಅವರ ತಲೆಯೊಳಗೆ ಆ ಬಾವಿ ಇಷ್ಟು ವರ್ಷವೂ ತುಂಬಿಕೊಂಡೇ ಇತ್ತು, ಸೀಬೆ ಮರ ಕಾಯಿ ಬಿಡುತ್ತಲೇ ಇತ್ತು. ನಾನು ಬಂದು ಅದನ್ನು ಮುಚ್ಚಿಬಿಟ್ಟೆನಲ್ಲ ಎಂದು ನನಗೆ ಬಹಳ ಸಂಕಟವಾಯಿತು. ಅಷ್ಟರಲ್ಲಿ ಒಳಗಿನಿಂದ ಒಂದು ಕಾರು ಬಂತು, ಗೇಟಿನ ಹತ್ತಿರದ ಯಂತ್ರ ಪೀಂ ಪೀಂ ಎಂದು ಕೂಗಿತು. ಮಿಸ್ ಅದನ್ನು ಪೂರ್ತಿ ಕೇಳಿಸಿಕೊಂಡರು.

"ಸರಿ. ಬಾವಿ ತೆಗೀರಿ ಮೇಡಂ, ಪೀಂ ಪೀಂ ಇಡಿ," ಎಂದರು.

ಹೀಗೆ ಆ ರಸ್ತೆಯ ಎರಡನೆಯ ಓದು ತಯಾರಾಯಿತು. ಹೋಗುವುದಕ್ಕೆ ಒಂದು, ಬರುವುದಕ್ಕೆ ಒಂದು. ರಜಾಯಿ ಹೊಡೆದ ಕೋಣೆಯಲ್ಲಿ ಕೂತು ಮಿಸ್‌ರ ನಡಿಗೆಯ ಲಯಕ್ಕೆ ನಿಧಾನವಾಗಿ ಓದಿದೆ: "ಗೇಟು ದಾಟಿ ಎಡಕ್ಕೆ ತಿರುಗಿ. ಅಂಗಾಲಿನ ಕೆಳಗೆ ಸಣ್ಣ ಇಳಿಜಾರು. ಗೋಡೆ ಎಡಗಡೆ ಇರಲಿ. ಇಳಿಜಾರು ಮುಗಿದ ಮೇಲೆ ಕಬ್ಬಿಣದ ಮುಚ್ಚಳ, ಕೋಲು ತಾಗಿದರೆ ಠಣ್ ಅನ್ನುತ್ತದೆ." ಮುಗಿದಾಗ ಎಂಜಿನಿಯರು ತಲೆಯ ಮೇಲಿನ ಹೆಡ್‌ಫೋನು ತೆಗೆದು ಮಡಿಲಲ್ಲಿಟ್ಟುಕೊಂಡರು. "ಮೇಡಂ, ನಾನು ಕೋಗಿಲಿಗೆ ಹೋಗೇ ಇಲ್ಲ. ಈಗ ಹೋಗಿ ಬಂದೆ," ಎಂದರು. ಮೂವತ್ತು ವರ್ಷ ಸರ್ಕಾರಿ ಕೆಲಸ ಮಾಡಿದ್ದೇನೆ, ಇದಕ್ಕಿಂತ ದೊಡ್ಡ ಬಹುಮಾನ ನನಗೆ ಸಿಕ್ಕಿಲ್ಲ.

ಮೇ ತಿಂಗಳ ಕೊನೆಯ ವಾರ ಪರೀಕ್ಷೆಯ ನಡಿಗೆ. ಮಿಸ್ ಆ ಓದನ್ನು ಮನೆಯಲ್ಲಿ ಕೇಳಿ ಕೇಳಿ ಬಾಯಿಪಾಠ ಮಾಡಿಕೊಂಡಿದ್ದರು. ಇಯರ್‌ಫೋನ್ ಹಾಕಿಕೊಂಡು ನಡೆಯುವುದು ಬೇಡ, ಕಿವಿ ರಸ್ತೆಗೆ ಬೇಕು ಎಂದು ಎಂಜಿನಿಯರು ಮೊದಲೇ ಹೇಳಿದ್ದರು. ನನಗೆ ಬೇರೆ ಎಚ್ಚರಿಕೆ ಇತ್ತು: "ಏನೇ ಆದ್ರೂ ಕೂಗ್ಬೇಡಿ. ನಿಮ್ಮ ಗಂಟಲಿಗೆ ಅವ್ರು ಗಾಬರಿಯಾಗಿ ತಿರುಗಿಬಿಡ್ತಾರೆ, ಒಮ್ಮೆ ತಿರುಗಿದ್ರೆ ದಿಕ್ಕು ತಪ್ಪುತ್ತೆ." ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡು ಅಣ್ಣನ ಜೊತೆ ಹಿಂದೆ ನಡೆದೆ. ಮುಂದೆ ಬಿಳಿ ಕೋಲು ಎಡಕ್ಕೆ ಬಲಕ್ಕೆ ಆಡುತ್ತಾ ಹೋಗುತ್ತಿತ್ತು.

ಇಳಿಜಾರು ಇಳಿದರು. ಮುಚ್ಚಳ ಠಣ್ ಎಂದಿತು. ಹಿಟ್ಟಿನ ಮಿಲ್ಲು, ಹೊಂಗೆ ಮರ, ಪೀಂ ಪೀಂ, ಎಲ್ಲ ದಾಟಿದರು. ಅಣ್ಣನ ಅಂಗಿ ಬೆನ್ನಿನಲ್ಲಿ ಒದ್ದೆಯಾಗಿತ್ತು. ಟ್ರಾನ್ಸ್‌ಫಾರ್ಮರ್ ದಾಟಿದ ಕೂಡಲೇ ಮುಂದೆ ಒಂದು ಹಳ್ಳ ಕಂಡಿತು. ಹಿಂದಿನ ಸಂಜೆ ಇರಲಿಲ್ಲ, ಈಗ ಇತ್ತು. ಯಾರೋ ಪೈಪು ಹಾಕಲೆಂದು ಗೋಡೆಯ ಬುಡದಿಂದ ರಸ್ತೆಯ ಆ ತುದಿಯವರೆಗೆ ಅಗೆದು ಹೋಗಿದ್ದರು. ಸೊಂಟದಷ್ಟು ಆಳ. ಒಂದು ಹಗ್ಗ ಕೂಡ ಕಟ್ಟಿರಲಿಲ್ಲ. ನಮ್ಮ ಓದಿನಲ್ಲಿ ಅಲ್ಲಿ ಇದ್ದದ್ದು, "ಗೋಡೆ ಎಡಗಡೆ, ನೇರವಾಗಿ ನಡೆಯಿರಿ."

ಅಣ್ಣ ಓಡಲು ಕಾಲೆತ್ತಿದರು. ಅವರ ತೋಳನ್ನು ಹಿಡಿದವಳು ನಾನೇ. ಹೇಗೆ ಹಿಡಿದೆನೋ, ಯಾವ ಧೈರ್ಯದಿಂದ ಹಿಡಿದೆನೋ ಇಂದಿಗೂ ತಿಳಿಯದು. ಯಾಕೆಂದರೆ ಆ ಗಳಿಗೆ ನನ್ನ ಗಂಟಲಿನ ತುದಿಯವರೆಗೂ ಕೂಗು ಬಂದಿತ್ತು.

ಮಿಸ್‌ರ ಕೋಲು ಸಡಿಲ ಮಣ್ಣಿಗೆ ತಾಗಿತು. ನಿಂತರು. ಕುಕ್ಕರಗಾಲಲ್ಲಿ ಕೂತು ಮಣ್ಣನ್ನು ಮುಟ್ಟಿದರು, ಮೂಗಿನ ಹತ್ತಿರ ಹಿಡಿದರು. ಹಸಿ ಮಣ್ಣು. ಎದ್ದು ಕೋಲನ್ನು ಮುಂದಕ್ಕೆ ಇಳಿಬಿಟ್ಟರು, ಅದು ಕೆಳಗೆ ಹೋಗಿ ತಳ ಸಿಗದೆ ಗಾಳಿಯಲ್ಲಿ ಆಡಿತು. ಒಂದು ಹೆಜ್ಜೆ ಹಿಂದಕ್ಕೆ ಬಂದು ಅಲ್ಲೇ ನಿಂತುಬಿಟ್ಟರು, ತಲೆ ಸ್ವಲ್ಪ ಬಾಗಿಸಿ, ಏನೂ ಮಾಡದೆ.

ನನಗೆ ಮುಗಿಯಿತು ಅನ್ನಿಸಿತು. ಅಣ್ಣನಿಗೂ ಹಾಗೇ ಅನ್ನಿಸಿರಬೇಕು, ಬಿಗಿದ ಅವರ ತೋಳು ನನ್ನ ಕೈಯಲ್ಲಿ ಸಡಿಲವಾಯಿತು. ಅಷ್ಟರಲ್ಲಿ ಹಿಂದಿನಿಂದ ಒಂದು ಸ್ಕೂಟರು ನಮ್ಮನ್ನು ದಾಟಿ ಹೋಯಿತು. ಹಳ್ಳದ ಹತ್ತಿರ ನಿಧಾನವಾಗಿ ಬಲಕ್ಕೆ ಸರಿದು, ಧಡ್ ಧಡ್ ಎಂದು ಸದ್ದು ಮಾಡಿ ಆಚೆ ಹೋಯಿತು. ಹಳ್ಳದ ಮೇಲೆ ಅಲ್ಲೊಂದು ಕಬ್ಬಿಣದ ದೊಡ್ಡ ತಗಡನ್ನು ಹಾಸಿದ್ದರು. ಮಿಸ್‌ರ ಮುಖ ಆ ಕಡೆಗೆ ತಿರುಗಿತು. ಇನ್ನೊಂದು ಸ್ಕೂಟರಿಗೆ ಕಾದರು. ಅದೂ ಧಡ್ ಧಡ್ ಎಂದಿತು. ಆಗ ಅವರು ಹಳ್ಳದ ಅಂಚಿಗೆ ಕೋಲನ್ನು ತಾಗಿಸಿಕೊಂಡೇ ಬಲಕ್ಕೆ ನಡೆದರು, ತಗಡು ಸಿಕ್ಕಿತು, ಅದರ ಈ ಅಂಚು ಆ ಅಂಚು ಎರಡನ್ನೂ ಕುಟ್ಟಿ ನೋಡಿದರು. ಮತ್ತೊಮ್ಮೆ ನಿಂತು, ಯಾವ ಗಾಡಿಯೂ ಬರುತ್ತಿಲ್ಲ ಎಂದು ಖಚಿತ ಮಾಡಿಕೊಂಡು, ನಡುಮಧ್ಯದಲ್ಲಿ ನಡೆದು ದಾಟಿದರು. ಆಚೆ ದಡದಲ್ಲಿ ಎಡಕ್ಕೆ ಹೊರಳಿ ಗೋಡೆಯನ್ನು ಹುಡುಕಿಕೊಂಡರು. ಸೀರೆಯ ನೆರಿಗೆಗೆ ಹತ್ತಿದ ಮಣ್ಣನ್ನು ಕೊಡವಿದರು. ಮುಂದೆ ಹೋದರು.

ಆ ರಸ್ತೆಯನ್ನು ನಾನು ಓದಿದ್ದೇನೆ ಎಂದುಕೊಂಡಿದ್ದೆ. ನಾನು ಓದಿದ್ದು ಹಳೆಯ ಪೇಪರಿನಂತೆ ಹಿಂದಿನ ದಿನದ ರಸ್ತೆಯನ್ನು. ಅಂದಿನ ರಸ್ತೆಯನ್ನು ಅಂದೇ ಓದಿದವರು ಮಿಸ್. ನಡುಬೀದಿಯಲ್ಲಿ ನನಗೆ ಅಳು ಬಂತು. ಅಂಥ ದೊಡ್ಡ ಆಳು, ಅಣ್ಣನೂ ಅಂಗಿಯ ತೋಳಿನಲ್ಲಿ ಮುಖ ಒರೆಸಿಕೊಳ್ಳುತ್ತಿದ್ದರು.

ಶಾಲೆಯ ಗೇಟಿನ ಮೇಲೆ ಕೈಯಿಟ್ಟು ಮಿಸ್ ಹಿಂದಕ್ಕೆ ತಿರುಗಿದರು. "ಅಣ್ಣಾ, ನೀನು ಮನೆಗೆ ಹೋಗು. ನಾನು ಹೆಡ್‌ಮಿಸ್ ಹತ್ರ ಮಾತಾಡಿ ಬರ್ತೀನಿ."

"ವಾಪಸ್ ಎಂಗ್ ಬತ್ತೀಯಾ?"

"ಬಂದ ದಾರೀಲೇ."

ಅವರು ಒಳಗೆ ಹೋದರು. ಅಣ್ಣ ಅಲ್ಲೇ ನಿಂತಿದ್ದರು, ಕೈಗಳನ್ನು ಎಲ್ಲಿಟ್ಟುಕೊಳ್ಳಬೇಕೆಂದು ತಿಳಿಯದವರಂತೆ. ಆಮೇಲೆ ಕೊಟ್ಟ ಮಾತಿನಂತೆ ಹಿಂತಿರುಗಿ ನಡೆದರು. ಹಳ್ಳದ ಹತ್ತಿರ ನಿಂತು ಫೋನ್ ಮಾಡಿ, ತಮ್ಮ ಕೆಲಸದವರಿಂದ ಹಗ್ಗ ತರಿಸಿ ಸುತ್ತ ಕಟ್ಟಿಸಿದರು. ಮನೆಯ ಹತ್ತಿರ ಬಂದಾಗ ಮೆಲ್ಲಗೆ, "ಮೇಡಂ, ಆ ರಸ್ತೆ ಓದಿರೋದು ನಂಗೂ ಒಸಿ ಕಳ್ಸಿ," ಎಂದರು. ಯಾಕೆಂದು ನಾನು ಕೇಳಲಿಲ್ಲ. ಕಳಿಸಿದೆ.

ಜೂನಿನಲ್ಲಿ ಶಾಲೆ ಶುರುವಾಯಿತು. ಆ ಹಳ್ಳ ಮುಚ್ಚಿ, ರಸ್ತೆ ಅಲ್ಲಿ ಸ್ವಲ್ಪ ಉಬ್ಬಿಕೊಂಡಿತ್ತು. ಆ ಉಬ್ಬನ್ನೂ ಸೇರಿಸಿ ಓದಬೇಕೆಂದು ಒಂದು ಬೆಳಿಗ್ಗೆ ಕೋಗಿಲಿಗೆ ಹೋದೆ. ಮಿಸ್ ಆಗಷ್ಟೇ ಶಾಲೆಗೆ ಹೊರಟಿದ್ದರು. ಅಣ್ಣ ಮನೆಯ ಮುಂದಿನ ಮೆಟ್ಟಿಲ ಮೇಲೆ ಒಬ್ಬರೇ ಕೂತಿದ್ದರು, ತೊಡೆಯ ಮೇಲೆ ಮೊಬೈಲು, ಅದರೊಳಗಿಂದ ನನ್ನದೇ ದೊಡ್ಡ ಧ್ವನಿ. ನಾನು ಬಾಯಿ ತೆರೆದದ್ದೇ ಅವರು ಕೈಯೆತ್ತಿ ತಡೆದರು.

"ಒಸಿ ಇರಿ ಮೇಡಂ. ಇನ್ನೂ ಮಿಲ್ ತಾವ ಅವ್ಳೆ."

ನಾನು ಅವರ ಪಕ್ಕ ಮೆಟ್ಟಿಲ ಮೇಲೆ ಕೂತೆ. ಹೊಂಗೆ ಮರ ಬಂತು. ಪೀಂ ಪೀಂ ಬಂತು. ಟ್ರಾನ್ಸ್‌ಫಾರ್ಮರ್ ಬಂದಾಗ ಅವರು ಉಸಿರು ಹಿಡಿದರು, ನಾನೂ ಹಿಡಿದೆ. ಆಚೆಯ ಗೋಡೆ ಬಂತು. ಕೊನೆಗೆ ನನ್ನ ಧ್ವನಿ, "ಕೈಗೆ ತಣ್ಣನೆಯ ಕಬ್ಬಿಣ ಸಿಗುತ್ತದೆ, ಅದೇ ಶಾಲೆಯ ಗೇಟು," ಎಂದು ಹೇಳಿ ನಿಂತಿತು. ಅಣ್ಣ ಮೊಬೈಲನ್ನು ಜೇಬಿಗೆ ಹಾಕಿಕೊಂಡು ಎದ್ದರು.

"ಒಳಕ್ಕೋದ್ಲು," ಎಂದರು. "ಬನ್ನಿ ಮೇಡಂ, ಕಾಪಿ ಕುಡಿಯಣ."